ಕೀಲಿಕೈ ಮೀಟರ್ ಡಬ್ಬದ ಮೇಲಿದೆ

ನಮ್ಮ ಆಫೀಸಿನಲ್ಲಿ ಈಗ ಫೈಲುಗಳಿಗೆ ಭಾರೀ ಭದ್ರತೆ. ಮೊದಲೆಲ್ಲ ಸುಮ್ನೆ ಮೇಲ್ ಮಾಡುತ್ತಿದ್ದೆವು. ಈಗ ಅದಕ್ಕೊಂದು ಪೋರ್ಟಲ್ ಬಂದಿದೆ. ಮೊದಲು ಆಫೀಸಿನ ಜಾಲಕ್ಕೆ ಸೇರಿಸುವ ವಿಪಿಎನ್, ಆಮೇಲೆ ಪಾಸ್‌ವರ್ಡ್, ಅದರ ಬೆನ್ನಿಗೇ ಓಟಿಪಿ. ಮನೆಯಿಂದ ಕೆಲಸ ಮಾಡುವ ದಿನ ಈ ಮೂರು ಬಾಗಿಲು ದಾಟುವಷ್ಟರಲ್ಲಿ ಕುಕ್ಕರ್ ಮೂರು ಸಲ ಕೂಗಿರುತ್ತದೆ. ಒಳಗೆ ಹೋದರೆ, 'ಈ ಫೋಲ್ಡರ್ ನೋಡಲು ನಿಮಗೆ ಅನುಮತಿ ಇಲ್ಲ.' ಅನುಮತಿ ಕೊಡಬೇಕಾದ ಪುಣ್ಯಾತ್ಮರು ಕೆಲಸ ಬಿಟ್ಟು ಏಳು ತಿಂಗಳಾಯ್ತು.

ಸಂಜೆ ಐದೂವರೆಗೆ ಮ್ಯಾನೇಜರ್ ಫೋನು. "ಕ್ಲೈಂಟ್ ಕಾಯ್ತಿದಾರೆ ಕಣ್ರೀ. ಸದ್ಯಕ್ಕೆ ಗ್ರೂಪಿಗೆ ಹಾಕಿಬಿಡಿ."

ವಾಟ್ಸಾಪ್ ಗ್ರೂಪಿಗೆ ಕೊಟೇಶನ್ ಹಾಕಿದೆ. ಮೊದಲ ಹೆಬ್ಬೆಟ್ಟು ಬಂದದ್ದು ಆ ಪುಣ್ಯಾತ್ಮರಿಂದಲೇ. ಅವರೀಗ ನಮ್ಮ ಪೈಪೋಟಿ ಕಂಪನಿಯಲ್ಲಿದ್ದಾರೆ. ಹಳೇ ಅಭ್ಯಾಸ, ಪಾಪ. ವಾಟ್ಸಾಪಿನ ತಪ್ಪೇನಿಲ್ಲ ಅನ್ನಿ. 2016ರಿಂದ ಅಲ್ಲಿ ಎಲ್ಲಕ್ಕೂ ಗೂಢಲಿಪಿಯ ಬೀಗ ಇದೆ, ದಾರಿಯಲ್ಲಿ ಯಾರೂ ಓದಲಾರರು. ತಲುಪಿದ ಮನೆಯಲ್ಲಿ ಯಾರ್‍ಯಾರು ಕೂತಿದ್ದಾರೆ ಅನ್ನೋದು ಬೇರೆ ಮಾತು.

ಅಕೌಂಟ್ಸ್ ವಿಭಾಗದವರು ಮಾತ್ರ ಬಲು ಶಿಸ್ತು. ಜಿಪ್ ಫೈಲಿಗೆ ಬೀಗ ಹಾಕಿ ಕಳಿಸುತ್ತಾರೆ. ಒಂದು ನಿಮಿಷ ಬಿಟ್ಟು ಇನ್ನೊಂದು ಮೇಲ್: 'ಭದ್ರತೆಯ ದೃಷ್ಟಿಯಿಂದ ಪಾಸ್‌ವರ್ಡನ್ನು ಪ್ರತ್ಯೇಕವಾಗಿ ಕಳಿಸಲಾಗಿದೆ.' ಅದೇ ಮೇಲ್ ಡಬ್ಬಕ್ಕೆ, ಅದರ ಪಕ್ಕದಲ್ಲೇ. ಮನೆಗೆ ಬೀಗ ಹಾಕಿ ಕೀಲಿಕೈಯನ್ನು ಮೀಟರ್ ಡಬ್ಬದ ಮೇಲಿಟ್ಟು ಹೋಗುತ್ತೇವಲ್ಲ, ಹಾಗೆ. ಜಪಾನಿನವರಿಗೂ ಈ ಚಟ ಎಷ್ಟಿತ್ತೆಂದರೆ, ಅದಕ್ಕೆ ಪಿಪಿಎಪಿ ಅಂತ ಹೆಸರೇ ಇತ್ತು. ಮೇಲ್ ಕದ್ದವನಿಗೆ ಎರಡೂ ಸಿಗುತ್ತವೆ, ಮೇಲಾಗಿ ಬೀಗ ಹಾಕಿದ ಜಿಪ್ಪಿನೊಳಗಿನ ವೈರಸ್ ತಪಾಸಣೆಗೂ ಸಿಗುವುದಿಲ್ಲ. 2020ರ ನವೆಂಬರಿನಲ್ಲಿ ಅಲ್ಲಿನ ಸಚಿವ ತಕುಯಾ ಹಿರಾಯ್ ಸಂಪುಟ ಕಚೇರಿಯಲ್ಲಿ ಇದನ್ನು ನಿಲ್ಲಿಸುತ್ತೇವೆ ಎಂದರು. ನಮ್ಮ ಅಕೌಂಟ್ಸಿಗೆ ಸುದ್ದಿ ಇನ್ನೂ ಮುಟ್ಟಿಲ್ಲ.

ಮೊನ್ನೆ ಪೋರ್ಟಲ್ ನನ್ನ ಆಧಾರ್ ಕೇಳಿತು. ಇ-ಆಧಾರ್ ಪಿಡಿಎಫ್ ಹಾಕಿದೆ. ಅದರಲ್ಲಿ ಪ್ರಾಧಿಕಾರದ ಡಿಜಿಟಲ್ ಸಹಿ ಇರುತ್ತದೆ. ಆದರೆ ಎಚ್‌ಆರ್‌ಗೆ ನನ್ನ ಬಾಲ್‌ಪೆನ್ ಸಹಿಯೇ ಬೇಕಂತೆ. ಪ್ರಿಂಟ್ ತೆಗೆದು, ಸಹಿ ಹಾಕಿ, ಸ್ಕ್ಯಾನ್ ಮಾಡಿ, ಮತ್ತೆ ಏರಿಸಬೇಕು. ಅಲ್ಲಿಗೆ ಭದ್ರತೆ ಬಿಗಿ!

2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ ಬುದ್ಧಿ ಹೇಳಿತ್ತು. ಸಿಕ್ಕಸಿಕ್ಕವರಿಗೆ ಜೆರಾಕ್ಸ್ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ, ಊರವರ ಕಂಪ್ಯೂಟರಿನಲ್ಲಿ ಡೌನ್‌ಲೋಡ್ ಮಾಡಿದರೆ ಅಳಿಸಿ ಬನ್ನಿ ಅಂತ. ಮೇ 29ಕ್ಕೆ ಆ ಪ್ರಕಟಣೆ ವಾಪಸ್. ಜನ ತಪ್ಪು ತಿಳಿದುಕೊಳ್ಳಬಹುದಂತೆ. ಸರಿಯಾಗಿ ತಿಳಿದುಕೊಳ್ಳೋಕೂ ಎರಡು ದಿನ ಸಾಲಲಿಲ್ಲ ಬಿಡಿ.

ಜೆರಾಕ್ಸ್ ಅಂಗಡಿಗೆ ಹೋದೆ. ಗೋಡೆ ಮೇಲೆ ವಾಟ್ಸಾಪ್ ನಂಬರು, ಅದಕ್ಕೆ ಫೈಲ್ ಕಳಿಸಬೇಕು. ಕಂಪ್ಯೂಟರಿನ ಪರದೆ ತುಂಬ ಪಿಡಿಎಫ್‌ಗಳು. ಯಾರದೋ ಬಾಡಿಗೆ ಕರಾರು, ಯಾರದೋ ಪ್ಯಾನ್ ಕಾರ್ಡು, ಯಾರದೋ ಮಗಳ ಮಾರ್ಕ್ಸ್ ಕಾರ್ಡು. ನನ್ನ ಹಿಂದೆ ನಾಲ್ಕು ಜನ.

"ಪಾಸ್‌ವರ್ಡ್ ಕೇಳ್ತಿದೆ ಸಾರ್."

ಪಾಸ್‌ವರ್ಡ್ ಅಂದರೆ ಏನು ಮಹಾ, ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಆಮೇಲೆ ಹುಟ್ಟಿದ ವರ್ಷ. ದೇಶಕ್ಕೆಲ್ಲ ಗೊತ್ತಿರುವ ಗುಟ್ಟು. ಆದರೂ ನಾನು ಬಗ್ಗಿ, ಕೈ ಅಡ್ಡ ಹಿಡಿದು, ಮೆಲ್ಲಗೆ ಹೇಳೋಕೆ ಹೊರಟೆ.

ಹುಡುಗ ಮೌಸ್ ಆಡಿಸುತ್ತಿದ್ದವನು ತಲೆ ಎತ್ತಿದ. "ಹೋದ ತಿಂಗಳು ಬಂದಿದ್ರಲ್ವಾ ಸಾರ್? ಅದು ಇಲ್ಲೇ ಇದೆ, ಪಾಸ್‌ವರ್ಡ್ ತೆಗೆದು ಸೇವ್ ಮಾಡಿಟ್ಟಿದೀನಿ. ಎರಡು ಕಾಪಿ ಸಾಕಾ?"