ಧೂಪದ ಬೀಜ ಮಾರ್ಚ್ ತನಕ ಕಾಯೋದಿಲ್ಲ

ಸಭೆ ಮುಗಿಸಿ ಈಗಷ್ಟೇ ಮನೆಗೆ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೀತಿದೀನಿ.

ನನ್ನ ಕೆಲಸ ಏನು ಅಂತ ಇಲ್ಲಿರೋ ಹೆಚ್ಚಿನವರಿಗೆ ಗೊತ್ತು. ಅರಣ್ಯ ಇಲಾಖೆ, ಪಂಚಾಯ್ತಿ, ಗ್ರಾಮ ಅರಣ್ಯ ಸಮಿತಿ, ದುಡ್ಡು ಕೊಡೋ ಕಂಪನಿ, ಓಡಾಡಿ ಕೆಲಸ ಮಾಡಿಸೋ ಸಂಸ್ಥೆ, ಇವರನ್ನೆಲ್ಲ ಒಟ್ಟಿಗೆ ಕೂರಿಸಿ ಹಾಳಾದ ಕಾಡು ಮತ್ತೆ ಕಾಡಾಗೋ ಹಾಗೆ ಮಾಡೋದು. ಇವತ್ತಿನ ಸಭೆ ಶಿವಮೊಗ್ಗ ಜಿಲ್ಲೆಯ ಹೊಸನಗರ ಕಡೆಯ ಒಂದು ಹಳೇ ಅಕೇಶಿಯಾ ಪ್ಲಾಂಟೇಶನ್ನಿನ ಬಗ್ಗೆ. ಒಂದು ಕಂಪನಿಯವರು ಬಂದಿದ್ದರು. ಒಳ್ಳೇ ಮನಸ್ಸಿನವರೇ, ದುಡ್ಡೂ ಇದೆ. ಜೂನ್ 5ಕ್ಕೆ, ಅಂದರೆ ಪರಿಸರ ದಿನಕ್ಕೆ, ಹತ್ತು ಸಾವಿರ ಗಿಡ ನೆಡಬೇಕು, ಎಲ್ಲವೂ ಪಶ್ಚಿಮ ಘಟ್ಟದ ಜಾತಿಯೇ ಆಗಬೇಕು ಅಂದರು. ಪಟ್ಟಿ ಓದಿದರು: ಧೂಪ, ಹೈಗ, ಕಿರಾಲುಭೋಗಿ, ರಾಮಪತ್ರೆ, ಉಪ್ಪಾಗೆ. ಈಗ ಮೇ ತಿಂಗಳ ಕೊನೇ ವಾರ.

ಹಿಂದೆ ಕೂತಿದ್ದ ಸಮಿತಿಯ ಹಿರಿಯರೊಬ್ಬರು ಎದ್ದು ನಿಂತು, "ಧೂಪದ ಕಾಯಿ ಇನ್ನೂ ಮರದಲ್ಲೇ ಇದಾವಲ್ಲ ಮೇಡಂ, ಗಿಡ ಎಲ್ಲಿಂದ ತರ್ತೀರಿ?" ಅಂತ ಕೇಳಿದರು. ಇಡೀ ಸಭೆಯಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಮಾತು ಶಾಮಿಯಾನಕ್ಕೆ ಹೋಯಿತು, ಮೊದಲ ಗಿಡ ಯಾರು ನೆಡೋದು ಅನ್ನೋದಕ್ಕೆ ಹೋಯಿತು. ನನ್ನ ದನಿ ಏರಿತು. ಏರಿದ್ದಕ್ಕೆ ಬೇಸರ ಇಲ್ಲ.

ಬೀಜ ಎಲ್ಲಿದೆ? ಪ್ರತಿ ಸಭೆಯಲ್ಲೂ ನಾನು ಕೇಳೋದು ಇದನ್ನೇ. ಧೂಪದ ಕಾಯಿ ಉದುರೋದು ಜೋರು ಮಳೆ ಹಿಡಿದ ಮೇಲೆ. ಭತ್ತದ ಹಾಗೆ ಒಣಗಿಸಿ ಪಣತಕ್ಕೆ ಹಾಕಿಡೋ ಬೀಜ ಅದಲ್ಲ. ಒಣಗಿದರೆ ಸತ್ತುಹೋಗುತ್ತೆ. ಬಿದ್ದ ಕೆಲವೇ ದಿನದಲ್ಲಿ ಹಸಿಹಸಿಯಾಗೇ ಮಣ್ಣು ಸೇರಬೇಕು. ಹೈಗದ್ದೂ ಕಿರಾಲುಭೋಗಿದ್ದೂ ರೆಕ್ಕೆ ಬೀಜ, ಮಳೆಗಾಲ ಶುರುವಾಗೋ ಹೊತ್ತಿಗೆ ಗಾಳಿಗೆ ಉದುರುತ್ತೆ, ಅದಕ್ಕೂ ಆಯುಸ್ಸು ಕಮ್ಮಿ. ನೇರಳೆ, ಹಲಸು, ರಾಮಪತ್ರೆ, ಯಾವುದನ್ನೂ ಒಣಗಿಸಿ ಇಡೋಕಾಗಲ್ಲ. ಉಪ್ಪಾಗೆಯಂತೂ ಬಿತ್ತಿದ ಮೇಲೆ ಮೊಳಕೆ ಒಡೆಯೋಕೇ ತಿಂಗಳುಗಟ್ಟಲೆ ತಗೊಳ್ಳುತ್ತೆ, ನೆಡೋ ಗಿಡ ಆಗೋಕೆ ಇನ್ನೊಂದು ಮಳೆಗಾಲ ಬೇಕು. ಅಂದರೆ ಈ ಜೂನ್‌ಗೆ ಬೇಕಾದ ಗಿಡಕ್ಕೆ ಹೋದ ವರ್ಷದ ಮಳೆಯಲ್ಲೋ ಅದರ ಹಿಂದಿನ ಮಳೆಯಲ್ಲೋ ಯಾರಾದರೂ ಉಂಬಳ ಕಚ್ಚಿಸಿಕೊಂಡು ಕಾಡಿನಲ್ಲಿ ಬೀಜ ಹೆಕ್ಕಿರಬೇಕು. ಆ ಹೆಕ್ಕೋ ಕೂಲಿಗೆ ಯಾರ ಬಜೆಟ್ಟಿನಲ್ಲೂ ಒಂದು ಸಾಲು ಇರೋದಿಲ್ಲ. ಗಿಡ ನೆಡೋಕೆ ದುಡ್ಡಿದೆ, ಬೋರ್ಡಿಗೆ ದುಡ್ಡಿದೆ, ಬೀಜಕ್ಕಿಲ್ಲ.

ಈಗ ಅಕೇಶಿಯಾ ನೋಡಿ. ಆಸ್ಟ್ರೇಲಿಯಾ ಕಡೆಯ ಮರ, ಗಟ್ಟಿ ಸಿಪ್ಪೆಯ ಸಣ್ಣ ಬೀಜ. ಚೀಲದಲ್ಲಿ ತುಂಬಿ ವರ್ಷಗಟ್ಟಲೆ ಗೋದಾಮಿನಲ್ಲಿಡಬಹುದು. ಬೇಕಾದಾಗ ಬಿಸಿನೀರಿಗೆ ಹಾಕಿ ನೆನೆಸಿ ಬಿತ್ತಿದರೆ ಆರು ತಿಂಗಳೊಳಗೆ ಗಿಡ ಕೈಗೆ ಬರುತ್ತೆ. ಮಂಜೂರಾತಿ ಯಾವಾಗ ಬಂದರೂ ಸರಿ, ಟೆಂಡರ್ ಎಷ್ಟು ತಡವಾದರೂ ಸರಿ, ಮಳೆಗಾಲಕ್ಕೆ ಗಿಡ ತಯಾರು. ಭದ್ರಾವತಿಯ ಕಾಗದ ಕಾರ್ಖಾನೆಗೆ 1980ರಲ್ಲಿ 40 ವರ್ಷಕ್ಕೆ ಅಂತ ಕೊಟ್ಟ ಸುಮಾರು 20,000 ಹೆಕ್ಟೇರ್ ನೆಲದಲ್ಲಿ ಅಕೇಶಿಯಾ ಬೆಳೆಸಿದ ಕಥೆ ನಿಮಗೆಲ್ಲ ಗೊತ್ತು, ಅಕೇಶಿಯಾ ಬೇಡ ಅಂತ ಊರೂರಲ್ಲಿ ನಡೆದ ಹೋರಾಟವೂ ಗೊತ್ತು. ಕಾಗದ ಮಾಡೋ ತಿರುಳಿಗೆ ಬೇಕಿತ್ತು, ಅದಕ್ಕೆ ಬೆಳೆಸಿದರು, ಸರಿ. ಆದರೆ ಕಾಗದಕ್ಕೂ ತಿರುಳಿಗೂ ಸಂಬಂಧವೇ ಇಲ್ಲದ ಗುಡ್ಡಗಳಲ್ಲೂ ಅದೇ ಮರ ಯಾಕಿದೆ? ನನ್ನ ಪ್ರಕಾರ ದೊಡ್ಡ ಕಾರಣ ಇದು: ನಮ್ಮ ಕಡತದ ಕಾಲಕ್ಕೆ ಹೊಂದಿಕೊಳ್ಳೋ ಬೀಜ ಅದು. ಧೂಪ ಹೊಂದಿಕೊಳ್ಳಲಿಲ್ಲ. ಯಾರೂ ಧೂಪ ಬೇಡ ಅಂತ ತೀರ್ಮಾನ ಮಾಡಿದ್ದಲ್ಲ, ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ನಮ್ಮ ಬಜೆಟ್ ವರ್ಷವೇ ಅದನ್ನ ಹೊರಗೆ ಹಾಕಿತು. ಇವತ್ತೂ ಹಾಗೇ ಆಗೋದು. ಪಟ್ಟಿಯಲ್ಲಿ ಧೂಪ ಇರುತ್ತೆ, ಕೊನೆಗೆ ಲಾರಿಯಿಂದ ಇಳಿಯೋದು ಬಯಲುಸೀಮೆಯ ನರ್ಸರಿಯ ಸಿಲ್ವರ್ ಓಕ್, ಮಹಾಗನಿ. ಅದನ್ನೇ ನೆಟ್ಟು ಸ್ಥಳೀಯ ಜಾತಿ ಅಂತ ವರದಿ ಬರೀತಾರೆ.

ಕಂಪನಿಯವರ ಕಡೆಯಿಂದ ಒಂದು ಮಾತು ಬಂತು, ಅದನ್ನೂ ಹೇಳಬೇಕು. "ಮೇಡಂ, ಸಿಎಸ್‌ಆರ್ ದುಡ್ಡು, ಮಾರ್ಚ್ 31ರೊಳಗೆ ಖರ್ಚಾಗಬೇಕು, ಕಾನೂನೇ ಹಾಗಿದೆ." ಸಿಎಸ್‌ಆರ್ ಅಂದರೆ ಕಂಪನಿಗಳು ಲಾಭದಲ್ಲಿ ಸಮಾಜದ ಕೆಲಸಕ್ಕೆ ಅಂತ ಖರ್ಚು ಮಾಡಬೇಕಾದ ಪಾಲು. ಕೇಳೋಕೆ ನ್ಯಾಯ ಅನ್ನಿಸುತ್ತೆ. ಆದರೆ ಕಾನೂನು ಪೂರ್ತಿ ಹಾಗಿಲ್ಲ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟು ಖರ್ಚು ಮಾಡಬೇಕು, ನಿಜ. ಅದೇ ಕಲಮಿನಲ್ಲಿ ಹಲವು ವರ್ಷದ ಯೋಜನೆಗೂ ದಾರಿ ಇದೆ. 2021ರಿಂದ ಜಾರಿಯಲ್ಲಿರೋ ನಿಯಮದಂತೆ ಅಂಥ ಯೋಜನೆಗೆ ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷ ಸಿಗುತ್ತೆ. ಉಳಿದ ಹಣವನ್ನ ಬೇರೆ ಖಾತೆಗೆ ಹಾಕಿ ಮುಂದಿನ ವರ್ಷಗಳಲ್ಲಿ ಬಳಸಬಹುದು. ಬೀಜಕ್ಕೆ ಒಂದು ವರ್ಷ, ನರ್ಸರಿಗೆ ಒಂದು, ನೆಟ್ಟ ಮೇಲಿನ ಕಾವಲಿಗೆ ಎರಡು. ಕಾಡಿಗೆ ಬೇಕಾದಷ್ಟು ಕಾಲ ಕಾಯ್ದೆಯಲ್ಲೇ ಇದೆ. ಬೇಡ ಅಂತಿರೋದು ನಾವು.

ಜೂನ್ 5ರ ಹಟವೂ ನನಗೆ ಅರ್ಥವಾಗೋದಿಲ್ಲ. ಆವತ್ತು ಇನ್ನೂ ರೋಹಿಣಿ ಮಳೆ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮೃಗಶಿರ ಕಳೆದು ಆರಿದ್ರಾ ಹಿಡಿದ ಮೇಲೆ ನೆಲ ಆಳದವರೆಗೆ ನೆನೆದಿರುತ್ತೆ, ಗಿಡ ಬೇರು ಬಿಡೋಕೆ ಅದು ಹೊತ್ತು. ಆಗ ಕೇಂದ್ರದ ಕೃಷಿ ಮಂತ್ರಿಯಾಗಿದ್ದ ಕೆ.ಎಂ. ಮುನ್ಶಿಯವರು 1950ರಲ್ಲಿ ವನಮಹೋತ್ಸವ ಶುರು ಮಾಡಿದ್ದು ಜುಲೈ ಮೊದಲ ವಾರದಲ್ಲಿ. ಮಳೆ ನೋಡಿ ಇಟ್ಟ ದಿನ ಅದು. ಅದನ್ನ ಬಿಟ್ಟು ಕ್ಯಾಮೆರಾಕ್ಕೆ ಅನುಕೂಲದ ದಿನ ಹಿಡಿದಿದೀವಿ.

ಆ ಪ್ಲಾಂಟೇಶನ್ನಿಗೆ ನಿಜವಾಗಿ ಹತ್ತು ಸಾವಿರ ಗಿಡವೇ ಬೇಡ. ಪಕ್ಕದಲ್ಲೇ ಕಾನು, ಅಂದರೆ ಹಳೇ ದಟ್ಟ ಹಸಿರು ಕಾಡು ಇದೆ. ಹಕ್ಕಿ, ಮಂಗ ತಂದು ಹಾಕಿದ ಬೀಜದಿಂದ ಅಕೇಶಿಯಾದ ಅಡಿಯಲ್ಲೇ ನೇರಳೆ, ಗುಳಮಾವು, ಮುರುಗಲು ಎದ್ದಿದೆ, ನಾನು ಕಣ್ಣಾರೆ ನೋಡಿದೀನಿ. ಅವಕ್ಕೆ ಬೇಕಿರೋದು ಸುತ್ತಲ ಕಳೆ ಸವರೋದು, ಬೇಸಿಗೆಗೆ ಮೊದಲು ಬೆಂಕಿ ಹಬ್ಬದ ಹಾಗೆ ನೆಲ ಸವರಿ ಬಿಡೋ ಬೆಂಕಿ ರೇಖೆ, ಒಬ್ಬ ಕಾವಲುಗಾರ, ಮೇಲಿನ ಅಕೇಶಿಯಾವನ್ನ ವರ್ಷಕ್ಕಷ್ಟು ಅಂತ ತೆಗೆಯೋದು. ಒಂದೇ ಸಲ ಎಲ್ಲಾ ಕಡಿದು ಬಿಸಿಲು ಬಿಟ್ಟರೆ, ಅದರ ಮೇಲೆ ಬೆಂಕಿಯೂ ಬಿದ್ದರೆ, ನೆಲದಲ್ಲಿ ಮಲಗಿರೋ ಅಕೇಶಿಯಾ ಬೀಜ ಒಟ್ಟಿಗೇ ಏಳುತ್ತೆ. ಅಲ್ಲಿಗೆ ದರಕು (ಉದುರಿದ ಒಣ ಎಲೆ) ಗುಡಿಸೋಕೆ ಹೋಗೋ ಹೆಂಗಸರಿಗೆ ಯಾವ ಮೂಲೆಯಲ್ಲಿ ಏನು ಮೊಳೆತಿದೆ ಅಂತ ಗೊತ್ತು. ಯಾವ ಧೂಪ ಈ ವರ್ಷ ಕಾಯಿ ಹಿಡಿದಿದೆ ಅನ್ನೋದೂ ಗೊತ್ತು. ಜನ ಮತ್ತು ಇಲಾಖೆ ಕೂಡಿ ಯೋಜನೆ ಮಾಡಬೇಕು ಅಂತ ನಮ್ಮ ರಾಜ್ಯದಲ್ಲಿ ಆದೇಶ ಆಗಿದ್ದು 1993ರಲ್ಲಿ. ಇಷ್ಟು ವರ್ಷ ಆದಮೇಲೂ ಊರವರನ್ನ ಕರೆಯೋದು ಪಟ್ಟಿ ತಯಾರಾದ ಮೇಲೆ, ಗುಂಡಿ ತೋಡೋಕೆ. ಇವತ್ತು ಆ ಹಿರಿಯರ ಪ್ರಶ್ನೆ ಗಾಳಿಗೆ ಹೋದಾಗ ನನಗೆ ನಿಜಕ್ಕೂ ಅಳು ಬಂದ ಹಾಗಾಯಿತು. ಅವರ ಮುಖ ನೋಡೋಕಾಗಲಿಲ್ಲ.

ನಾನು ಈ ಜೂನ್‌ನ ಪಟ್ಟಿಗೆ ಒಪ್ಪಿಲ್ಲ. ಟಿಪ್ಪಣಿಯಲ್ಲೂ ಹಾಗೇ ಬರೆದಿದೀನಿ: ಈ ವರ್ಷದ ದುಡ್ಡು ಬೀಜಕ್ಕೆ, ನರ್ಸರಿಗೆ, ಬೆಂಕಿ ರೇಖೆಗೆ. ನೆಡೋದು ಮುಂದಿನ ಆರಿದ್ರಾದಲ್ಲಿ, ಗಿಡ ಎಷ್ಟು ತಯಾರಾಗಿರುತ್ತೋ ಅಷ್ಟು. ಕಂಪನಿಯವರು ಕೇಳಿ ಹೇಳ್ತೀವಿ ಅಂದು ಹೋಗಿದಾರೆ. ಹೊಸನಗರ, ತೀರ್ಥಹಳ್ಳಿ, ಸಾಗರ ಕಡೆಯ ಸ್ನೇಹಿತರಲ್ಲಿ ಒಂದು ವಿನಂತಿ. ನಿಮ್ಮ ಬೆಟ್ಟದಲ್ಲಿ, ರಸ್ತೆ ಬದಿಯಲ್ಲಿ ಧೂಪ ಕಾಯಿ ಹಿಡಿದಿದ್ದರೆ ಈಗಲೇ ಮರ ಗುರುತು ಮಾಡಿಡಿ, ಉದುರೋಕೆ ಶುರುವಾದ ದಿನ ನನಗೊಂದು ಮೆಸೇಜ್ ಹಾಕಿ. ಬೀಜ ಹೆಕ್ಕಿದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ, ಒದ್ದೆ ಗೋಣಿಯಲ್ಲಿ ನೆರಳಲ್ಲಿಡಿ. ಮಾರನೇ ದಿನವೇ ನರ್ಸರಿಗೆ ಮುಟ್ಟಿಸೋ ವ್ಯವಸ್ಥೆ ನಾನು ಮಾಡ್ತೀನಿ.