ಹಸ್ತಾಂತರಪುರದ ಪ್ರಜೆಗಳು

ಬೃಹತ್ ಮೈಸೂರಿನ ಸುದ್ದಿ ಪತ್ರಿಕೆಯಲ್ಲಿ ಮತ್ತೊಮ್ಮೆ ದಪ್ಪಕ್ಷರದಲ್ಲಿ ಬಂದ ದಿನ ನಮ್ಮ ಬೀದಿಯ ಮೂಲೆಯ ದೀಪ ಕೆಟ್ಟು ಏಳು ತಿಂಗಳು ತುಂಬಿತ್ತು. ಹೂಟಗಳ್ಳಿ ನಗರಸಭೆಯನ್ನೂ ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳನ್ನೂ ಮಹಾನಗರ ಪಾಲಿಕೆಯ ಮಡಿಲಿಗೆ ಹಾಕುವ ಈ ಕಥೆ ಮೈಸೂರಿನವರಿಗೆ ಬಾಯಿಪಾಠವಾಗಿರುವುದರಿಂದ ಮತ್ತೆ ಹೇಳುವುದಿಲ್ಲ. ಇವೆಲ್ಲ ಕೆಲವೇ ವರ್ಷಗಳ ಹಿಂದೆ ಗ್ರಾಮ ಪಂಚಾಯಿತಿಗಳಾಗಿದ್ದವು. ಹಳ್ಳಿಯು ಪಟ್ಟಣವಾಗಿ, ನಗರವಾಗಿ, ಈಗ ಫಲಕದ ಬಣ್ಣ ಆರುವ ಮೊದಲೇ ಬೃಹತ್ತೂ ಆಗಲು ಹೊರಟಿರುವ ಇಂಥ ಧಾವಂತದ ನಡುವೆ ಒಂದೇ ಒಂದು ಬಲ್ಬು ಏಳು ತಿಂಗಳು ಅಲುಗಾಡದೆ ತನ್ನ ನಿಲುವಿಗೆ ಅಂಟಿಕೊಂಡಿರುವುದನ್ನು ನಾನು ಗೌರವದಿಂದಲೇ ನೋಡುತ್ತೇನೆ.

ಬಲ್ಬು ಬದಲಾಗದಿರಲು ಹಣದ ಕೊರತೆ ಕಾರಣವಲ್ಲ, ಯಾರ ಅಸಡ್ಡೆಯೂ ಕಾರಣವಲ್ಲ. ನಮ್ಮ ಬಡಾವಣೆ ಅದನ್ನು ಮಾಡಿದವರ ಕೈಯಿಂದ ಸ್ಥಳೀಯ ಸಂಸ್ಥೆಯ ಕೈಗೆ ಇನ್ನೂ ‘ಹಸ್ತಾಂತರವಾಗಿಲ್ಲ’, ಅಷ್ಟೇ. ಹಸ್ತ ಮತ್ತು ಅಂತರ ಕೂಡಿ ಹಸ್ತಾಂತರವಾಗುವುದು ಸವರ್ಣದೀರ್ಘ ಸಂಧಿ ಎಂದು ಹೈಸ್ಕೂಲಿನಲ್ಲಿ ಮೇಷ್ಟರು ಹೇಳಿಕೊಟ್ಟಿದ್ದರು. ಮುಂದೊಂದು ದಿನ ಆ ಸಂಧಿಯೊಳಗೇ ಸೈಟು ಕೊಂಡು ಮನೆ ಕಟ್ಟುತ್ತೇನೆಂದು ನನಗಾಗಲಿ ಅವರಿಗಾಗಲಿ ಹೊಳೆದಿರಲಿಲ್ಲ. ಕೊಡುವ ಹಸ್ತ ಚಾಚಿಯೇ ಇದೆ ಎಂದು ಒಂದು ಕಡೆಯವರು ಹೇಳುತ್ತಾರೆ. ಒಳಚರಂಡಿ, ನೀರಿನ ಪೈಪು ಸರಿಯಾಗದೆ ಪಡೆಯಲಾರೆವೆಂದು ಇನ್ನೊಂದು ಕಡೆಯವರು ಕೈಕಟ್ಟಿ ನಿಂತಿದ್ದಾರೆ. ನಡುವೆ ಉಳಿದ ಅಂತರದಲ್ಲಿ ನಾವು ಗೃಹಪ್ರವೇಶ ಮಾಡಿ, ಮಕ್ಕಳನ್ನು ಓದಿಸಿ, ಬೆಳಗಾದರೆ ಟ್ಯಾಂಕರಿನವನಿಗೆ ಫೋನ್ ಮಾಡಿಕೊಂಡು ಬಾಳುತ್ತಿದ್ದೇವೆ. ರಿಂಗ್ ರಸ್ತೆಯ ಆಚೆಗಿನ ಇಂಥ ಊರುಗಳಿಗೆಲ್ಲ ಸೇರಿಸಿ ‘ಹಸ್ತಾಂತರಪುರ’ ಎಂದು ನಾಮಕರಣ ಮಾಡಿದರೆ ಅಂಚೆಯವನಿಗಾದರೂ ಅನುಕೂಲವಾದೀತು.

ದೀಪಕ್ಕಾಗಿ ನಾನು ಅಲೆದ ಕಚೇರಿಗಳ ಹೆಸರು ಹೇಳುವುದಿಲ್ಲ. ಮೊದಲನೆಯ ಕಚೇರಿಯಿಂದ ಬಂದ ಹಿಂಬರಹದಲ್ಲಿ ಸದರಿ ಕಂಬವು ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದಿತ್ತು. ಎರಡನೆಯ ಕಚೇರಿಯ ಹಿಂಬರಹ ಅದಕ್ಕಿಂತ ವಿನಯದ್ದು. ಮೊದಲನೆಯ ಕಚೇರಿಯನ್ನು ಸಂಪರ್ಕಿಸಲು ಕೋರಿತ್ತು. ಕೊನೆಗೆ ಯಾರ ಪುಣ್ಯವೋ, ಎರಡೂ ಕಡೆಯ ಇಂಜಿನಿಯರುಗಳು ಸ್ಥಳ ಪರಿಶೀಲನೆಗೆಂದು ಒಂದೇ ದಿನ ಬಂದುಬಿಟ್ಟರು. ಕಂಬದ ಬುಡ ಇರುವುದು ಚರಂಡಿಯ ಆಚೆಯ ದಡದಲ್ಲಿ; ದೀಪ ನೇತಾಡುವ ಅದರ ತೋಳು ಚಾಚಿಕೊಂಡಿರುವುದು ಈಚೆಯ ರಸ್ತೆಯ ಮೇಲೆ. ಕಂಬದ ಬುಡ ಯಾರದೋ ದೀಪವೂ ಅವರದೇ ಎಂದು ಒಬ್ಬರು ವಾದಿಸಿದರೆ, ಬೆಳಕು ಎಲ್ಲಿ ಬೀಳುತ್ತದೋ ಆ ಜಾಗದವರೇ ಬಲ್ಬು ಹಾಕಬೇಕೆಂದು ಇನ್ನೊಬ್ಬರು ಪಟ್ಟು ಹಿಡಿದರು. ಉರಿಯದ ದೀಪದ ಬೆಳಕು ಎಲ್ಲಿ ಬೀಳುತ್ತದೆ ಎಂಬ ಪ್ರಶ್ನೆಯನ್ನು ಇಬ್ಬರು ಸರ್ಕಾರಿ ನೌಕರರು ಬಿಸಿಲಿನಲ್ಲಿ ನಿಂತು ಅರ್ಧ ಗಂಟೆ ಚರ್ಚಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಬ್ಬರಂತೂ ಚಪ್ಪಲಿಯ ತುದಿಯಿಂದ ಮಣ್ಣಿನಲ್ಲಿ ಗೆರೆ ಎಳೆದು, ಅದನ್ನು ದಾಟದಂತೆ ಎಚ್ಚರಿಕೆಯಿಂದ ಹಿಂದೆ ಸರಿದು ನಿಂತರು.

ನಾಗರಿಕ ಸೌಲಭ್ಯಕ್ಕೆಂದು ಬಿಟ್ಟ ಪಕ್ಕದ ಸಿ.ಎ. ಸೈಟಿನ ಪಾರ್ಥೇನಿಯಂ ನಡುವೆ ಹಸು ಕಟ್ಟಿಕೊಂಡು ಕೂತಿದ್ದ ಅಜ್ಜನೊಬ್ಬರು ಇದನ್ನೆಲ್ಲ ನೋಡುತ್ತಿದ್ದರು. ಬಡಾವಣೆಯಾಗುವ ಮೊದಲು ಅದೇ ಜಾಗದಲ್ಲಿ ಅವರ ಮನೆಯವರು ರಾಗಿ, ಹುರುಳಿ ಬೆಳೆಯುತ್ತಿದ್ದರಂತೆ. “ಆಗ್ಲಿಂದ ನೋಡ್ತಾವ್ನಿ ಸಾ, ನಮ್ಮಣ್ಣ ತಮ್ಮಂದ್ರು ಬದೀಗೂ ಇಷ್ಟು ಜಗಳ ಆಡ್ಲಿಲ್ಲ ಬುಡಿ” ಎಂದರು. ಇಂಜಿನಿಯರುಗಳಿಗೆ ಕೇಳಿಸಿತೋ ಇಲ್ಲವೋ, ಇಬ್ಬರೂ ಜಂಟಿ ಸರ್ವೆಗೆ ಪತ್ರ ಬರೆಯುವುದಾಗಿ ಹೇಳಿ ಒಂದೇ ಜೀಪಿನಲ್ಲಿ ಹೊರಟರು.

ಈ ಅಪಮಾನ ಬೇರೆ ಊರಿಗೆ ಆಗಿದ್ದರೆ ಸಹಿಸಬಹುದಿತ್ತು. ಪ್ಲೇಗಿನ ಹೊಡೆತ ತಿಂದು ಬುದ್ಧಿ ಕಲಿತು, 1903ರಲ್ಲೇ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಸ್ಥಾಪಿಸಿಕೊಂಡ ಊರಿದು. ಯೋಜನೆ ಮಾಡಿ ಊರು ಕಟ್ಟುವುದು ಎಂದರೇನೆಂದು ದೇಶಕ್ಕೆ ತೋರಿಸಿದ ಮೊದಲ ಕೆಲವು ಮಂಡಳಿಗಳಲ್ಲಿ ಅದೂ ಒಂದು. ಹಳೆಯ ಬಡಾವಣೆಗಳಲ್ಲಿ ಸಾಲುಮನೆಗಳ ಬೆನ್ನಿಗೆ ಇವತ್ತಿಗೂ ಕಾಣುವ, ಕಕ್ಕಸು ಶುಚಿ ಮಾಡಲೆಂದು ಬಿಟ್ಟಿದ್ದ ಕನ್ಸರ್ವೆನ್ಸಿ ಓಣಿಗಳನ್ನು ನೋಡಿದಾಗ, ಮನುಷ್ಯನ ಮನೆಯ ಮುಂಬಾಗಿಲಿನಷ್ಟೇ ಅವನ ಕಕ್ಕಸಿನ ಬಾಗಿಲಿನ ಬಗ್ಗೆಯೂ ಯೋಚಿಸಿದ ಪುಣ್ಯಾತ್ಮರು ಇಲ್ಲಿದ್ದರಲ್ಲಾ ಎಂದು ಹೃದಯ ತುಂಬಿ ಬರುತ್ತದೆ. ಆ ಓಣಿಗಳಲ್ಲಿ ಈಗ ಶೆಡ್ಡು ಹಾಕಿ ಸ್ಕೂಟರು ನಿಲ್ಲಿಸಿಕೊಂಡಿರುವವರು ನಾವೇ ಎಂಬುದು ಬೇರೆ ಮಾತು. ಬೋರ್ಡಿನ ವಾರಸುದಾರನಾಗಿ 1988ರಲ್ಲಿ ಮುಡಾ, ಅಂದರೆ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ, ಬಂತು. ಅದರ ಖ್ಯಾತಿಯ ಬಗ್ಗೆ ಬರೆದು ಜಾಗ ವ್ಯರ್ಥ ಮಾಡುವುದಿಲ್ಲ. 2024ರಲ್ಲಿ ಅದರ ಸೈಟು ಹಂಚಿಕೆಯ ವಿವಾದ ಎದ್ದಾಗ ದಿಲ್ಲಿಯ ಟಿ.ವಿ. ನಿರೂಪಕರು ಕೂಡ ವಿಜಯನಗರ ಮೂರನೇ ಹಂತ ಎಲ್ಲಿದೆಯೆಂದು ನಕ್ಷೆ ಹರಡಿಕೊಂಡು ಕೂತಿದ್ದರು. 50:50 ಎಂದರೆ ಭೂಮಿ ಬಿಟ್ಟುಕೊಟ್ಟವರಿಗೆ ‘ಅಭಿವೃದ್ಧಿಪಡಿಸಿದ’ ಜಾಗದಲ್ಲಿ ಅರ್ಧ ಪಾಲು ಎಂಬುದು ಆಗ ದೇಶಕ್ಕೆಲ್ಲ ಗೊತ್ತಾಯಿತು. ಯಾರಿಗೆ ಎಷ್ಟು ಸೈಟು ಹೋಯಿತೆಂದು ಎಲ್ಲರೂ ಎಣಿಸಿದರು, ಆದರೆ ‘ಅಭಿವೃದ್ಧಿಪಡಿಸಿದ’ ಎಂಬ ಪದದ ಅರ್ಥವೇನೆಂದು ಮಾತ್ರ ಒಬ್ಬರೂ ಕೇಳಲಿಲ್ಲ. ನಮ್ಮ ಕಡೆ ಅದರ ಅರ್ಥ ಇಷ್ಟು: ಎಲ್ಲಿಂದಲೋ ಹೊರಟು ಎಲ್ಲಿಗೂ ತಲುಪದ ಒಂದು ಚರಂಡಿ, ಮೊದಲ ಮಳೆಗೆ ಜಲ್ಲಿ ಮೇಲೆದ್ದ ಒಂದು ರಸ್ತೆ, ಮತ್ತು ಮೇಲೆ ಹೇಳಿದ ಕಂಬ.

ಬಡಾವಣೆಯ ಬಗ್ಗೆ ಇಷ್ಟು ಹೇಳಿ ಕೈಗಾರಿಕಾ ಪ್ರದೇಶವನ್ನು ಬಿಟ್ಟರೆ ಪಕ್ಷಪಾತವಾದೀತು. ಹೆಬ್ಬಾಳು, ಮೇಟಗಳ್ಳಿ, ಹೂಟಗಳ್ಳಿ, ಕೂರ್ಗಳ್ಳಿ, ಬೆಳವಾಡಿಗಳ ಸಾಲಿನಲ್ಲಿ ಟೈರು ಆಗುತ್ತದೆ, ಆಕ್ಸಲ್ ಆಗುತ್ತದೆ, ಗಣಿಗಳಿಗೆ ಬೇಕಾದ ಭಾರಿ ಡಂಪರ್ ಆಗುತ್ತದೆ, ಸಾಫ್ಟ್‌ವೇರ್ ಆಗುತ್ತದೆ. ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯ ಮುದ್ರಣಾಲಯದಲ್ಲಿ ಸಾಕ್ಷಾತ್ ನೋಟೇ ಅಚ್ಚಾಗುತ್ತದೆ. ನೋಟು ಅಚ್ಚಾಗುವ ಊರಿನ ರಸ್ತೆಗೆ ಅನುದಾನವಿಲ್ಲ ಎಂಬ ಉತ್ತರವನ್ನು ಮುಖ ಗಂಭೀರವಾಗಿ ಇಟ್ಟುಕೊಂಡು ಹೇಳಲು ವಿಶೇಷ ತರಬೇತಿ ಬೇಕು. ಕೈಗಾರಿಕೆಗಳಿಗೆ ಜಮೀನು ಹಂಚಿದ ಮಂಡಳಿ ಒಂದು, ತೆರಿಗೆ ಕೇಳುವ ಸಂಸ್ಥೆ ಇನ್ನೊಂದು, ಗುಂಡಿ ಮುಚ್ಚಬೇಕಾದವರು ಯಾರೆಂಬುದು ಅಲ್ಲಿಯೂ ಹಸ್ತಾಂತರದ ವಿಷಯವೇ.

ಆ ಪ್ರದೇಶದ ಅಭಿವೃದ್ಧಿಯನ್ನು ನಿಜವಾಗಿ ಅರ್ಥ ಮಾಡಿಕೊಂಡದ್ದು ಒಂದು ಚಿರತೆ ಮಾತ್ರ. 2024ರ ಡಿಸೆಂಬರ್ 31ರ ನಸುಕಿನಲ್ಲಿ ಅದು ಹೆಬ್ಬಾಳಿನ ಇನ್ಫೊಸಿಸ್ ಆವರಣದಲ್ಲಿ ಕಾಣಿಸಿಕೊಂಡದ್ದು ನೆನಪಿರಬಹುದು. ಮುನ್ನೂರು ಎಕರೆಗೂ ಮಿಕ್ಕಿದ ಆ ಆವರಣದಲ್ಲಿ ಉದ್ಯೋಗಿಗಳಿಗೆ ಮನೆಯಿಂದಲೇ ಕೆಲಸ ಮಾಡಲು ಹೇಳಿದರು, ಅರಣ್ಯ ಇಲಾಖೆಯವರು ಬೋನು ಇಟ್ಟರು, ಡ್ರೋನ್ ಹಾರಿಸಿದರು. ಚಿರತೆ ಸಿಗಲಿಲ್ಲ. ರಿಂಗ್ ರಸ್ತೆಯ ಸುತ್ತಮುತ್ತ ಅಷ್ಟು ಸ್ಥಳವಿರುವಾಗ ಅದು ಅಲ್ಲಿಗೇ ಏಕೆ ಹೋಯಿತೆಂದು ಪಂಡಿತರು ಚರ್ಚಿಸಿದರು. ನನ್ನ ಅಂದಾಜು ಸರಳವಾದದ್ದು: ದೀಪ ಉರಿಯುವ, ಮರ ನೆಟ್ಟಿರುವ, ಗುಂಡಿಯಿಲ್ಲದ ರಸ್ತೆಯಿರುವ, ಯಾರ ವ್ಯಾಪ್ತಿ ಎಂಬ ಬಗ್ಗೆ ಜಗಳವಿಲ್ಲದ ಜಾಗ ಕಾಂಪೌಂಡಿನ ಒಳಗಷ್ಟೇ ಇದೆಯೆಂದು ಅದಕ್ಕೆ ತಿಳಿದಿತ್ತು. ನಮಗೂ ತಿಳಿದಿದೆ, ಆದರೆ ನಮ್ಮ ಬಳಿ ಗುರುತಿನ ಚೀಟಿ ಕೇಳುತ್ತಾರೆ.

ಕಾಂಪೌಂಡಿನ ಹೊರಗೆ ರಾತ್ರಿ ಹತ್ತೂವರೆಗೆ ಸೆಕೆಂಡ್ ಶಿಫ್ಟ್ ಬಿಡುತ್ತದೆ. ಕಂಪನಿ ಬಸ್ಸು ಎಲ್ಲರಿಗೂ ಇಲ್ಲ. ಗುತ್ತಿಗೆಯವರಿಗಂತೂ ಇಲ್ಲವೇ ಇಲ್ಲ. ಟಿಫನ್ ಕ್ಯಾರಿಯರ್ ಕೈಯಲ್ಲಿ ಹಿಡಿದು, ಮೊಬೈಲಿನ ಟಾರ್ಚ್ ಹಾಕಿಕೊಂಡು, ನಾಲ್ಕೈದು ಹೆಣ್ಣುಮಕ್ಕಳು ಒಟ್ಟೊಟ್ಟಿಗೆ ಮುಖ್ಯರಸ್ತೆಯವರೆಗೆ ನಡೆದು ಬರುತ್ತಾರೆ. ಫುಟ್‌ಪಾತ್ ಇಲ್ಲದ ಕಾರಣ ರಸ್ತೆಯಲ್ಲೇ ನಡೆಯುತ್ತಾರೆ; ಪಕ್ಕದಲ್ಲಿ ಕಂಟೇನರ್ ಲಾರಿ ಹಾದರೆ ನಿಂತು ಗೋಡೆಗೆ ಒರಗಿಕೊಳ್ಳುತ್ತಾರೆ. ಒಂದು ರಾತ್ರಿ ಅವರಲ್ಲೊಬ್ಬಳು ಚಪ್ಪಡಿಯಿಲ್ಲದ ಚರಂಡಿಯಲ್ಲಿ ಕಾಲು ಸಿಕ್ಕಿಸಿಕೊಂಡು ಬಿದ್ದಳು. ಎತ್ತಿ ನಮ್ಮ ಜಗಲಿಯ ಮೇಲೆ ಕೂರಿಸಿ ನೀರು ಕೊಟ್ಟೆವು. ಮಂಡಿ ಸುಲಿದು ರಕ್ತ ಬರುತ್ತಿದ್ದರೂ ಅವಳು ಹುಡುಕುತ್ತಿದ್ದದ್ದು ಚರಂಡಿಗೆ ಬಿದ್ದ ಚಪ್ಪಲಿಯನ್ನು; ನಾಳೆ ಬರಿಗಾಲಿನಲ್ಲಿ ಹೋದರೆ ಗೇಟಿನಲ್ಲಿ ಬಿಡುವುದಿಲ್ಲವಂತೆ. ಇದರಲ್ಲಿ ತಮಾಷೆ ಹುಡುಕಲು ನನಗೆ ಬರುವುದಿಲ್ಲ. ಒಂದು ಬಲ್ಬು, ನಾಲ್ಕು ಚಪ್ಪಡಿ ಕಲ್ಲು. ಇಷ್ಟಕ್ಕೆ ಎರಡು ಕಚೇರಿ, ಎರಡು ಹಿಂಬರಹ, ಒಂದು ಜಂಟಿ ಸರ್ವೆ ಬೇಕೆನ್ನುವವರಿಗೆ ನಾಚಿಕೆಯಾಗಬೇಕು, ಆಗುವುದಿಲ್ಲ. ಕೇಳಿ ಕೇಳಿ ನಮಗೇ ಸಾಕಾಗಿದೆ.

ಬೆಳಕು ದೂರ ಹೋಗುವುದಿಲ್ಲವೆಂದೇನೂ ಅಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿ.ಮೀ. ತಂತಿಯ ಮೇಲೆ ಪ್ರಯಾಣ ಮಾಡಿ ಕೋಲಾರದ ಚಿನ್ನದ ಗಣಿ ತಲುಪಿತು. ನಡುವೆ ಅದೆಷ್ಟು ಊರು, ಅದೆಷ್ಟು ಹೊಳೆ ಹಳ್ಳಗಳಿದ್ದವೋ, ಯಾವುದರ ದಡದಲ್ಲಿಯೂ ಅದು ಹಸ್ತಾಂತರಕ್ಕಾಗಿ ಕಾದು ನಿಲ್ಲಲಿಲ್ಲ. ದಸರೆ ಬಂದರೆ ಅರಮನೆಗೆ ಸುಮಾರು ಒಂದು ಲಕ್ಷ ಬಲ್ಬು ಉರಿಯುತ್ತವೆ, ಊರಿನ ನೂರಾರು ವೃತ್ತಗಳಿಗೂ ರಸ್ತೆಗಳಿಗೂ ವಿದ್ಯುತ್ ಕಂಪನಿ ಚೆಸ್ಕಾಂನವರು ಬಣ್ಣಬಣ್ಣದ ಸರ ಕಟ್ಟುತ್ತಾರೆ, ಆನೆ, ನವಿಲು, ಸಂಸತ್ ಭವನಗಳೆಲ್ಲ ದೀಪದಲ್ಲೇ ಎದ್ದು ನಿಲ್ಲುತ್ತವೆ. ಅದನ್ನು ನೋಡಲು ನಾವೂ ಮಕ್ಕಳನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೋಗುತ್ತೇವೆ. ವಾಪಸ್ಸು ಬರುವಾಗ ರಿಂಗ್ ರಸ್ತೆಯ ಹತ್ತಿರ, ವರ್ಷಗಟ್ಟಲೆ ‘ದೀಪದ ಬಿಲ್ಲು ಯಾರು ಕಟ್ಟಬೇಕು’ ಎಂದು ಪತ್ರಿಕೆಯಲ್ಲಿ ಬಂದ ಆ ಸುಮಾರು 42 ಕಿ.ಮೀ. ರಸ್ತೆಯ ಹತ್ತಿರ, ಕತ್ತಲೆ ಶುರುವಾಗುತ್ತದೆ.

ಹಾಗೆಂದು ನಮ್ಮ ಬಡಾವಣೆಯಲ್ಲಿ ಎಲ್ಲವೂ ಗೊಂದಲವೆಂದು ತಿಳಿಯಬಾರದು. ಹೋದ ವಾರ ಕಂದಾಯದ ನೋಟಿಸು ಬಂತು. ಅದರಲ್ಲಿ ನನ್ನ ಹೆಸರಿನ ಇನಿಷಿಯಲ್ ಕೂಡ ತಪ್ಪಿರಲಿಲ್ಲ; ಸೈಟಿನ ನಂಬರು, ಚದರಡಿ, ಹಿಂದಿನ ಬಾಕಿ, ಅದರ ಮೇಲಿನ ದಂಡ, ಎಲ್ಲವೂ ಸ್ಪಷ್ಟವಾಗಿದ್ದವು. ಏಪ್ರಿಲ್ ಒಳಗೆ ಕಟ್ಟಿದರೆ ಶೇಕಡ 5 ರಿಯಾಯಿತಿ ಎಂದೂ ಇತ್ತು. ನೋಟಿಸು ಹಿಡಿದುಕೊಂಡು ಕಚೇರಿಗೆ ಹೋಗಿ, ಬಡಾವಣೆ ಹಸ್ತಾಂತರವಾಯಿತೇ ಎಂದು ಕೇಳಿದೆ. ಗುಮಾಸ್ತರು ಕನ್ನಡಕದ ಮೇಲಿನಿಂದ ನೋಡಿ, “ಇನ್ನೂ ಇಲ್ಲ ಸರ್, ನೀವು ನಾಲ್ಕನೇ ಕೌಂಟರಿಗೆ ಹೋಗಿ” ಎಂದರು. ನಾಲ್ಕನೇ ಕೌಂಟರಿನಲ್ಲಿ ದೀಪವೂ ಇತ್ತು, ಫ್ಯಾನೂ ತಿರುಗುತ್ತಿತ್ತು.