ಎತ್ತರಿಸುವಾಗ ಗೇಜ್ ನೋಡಿ
ಬಾಸ್ ಬೋಟಿನ (ಬಾಸ್ ಮೀನು ಹಿಡಿಯುವ ವೇಗದ ದೋಣಿ) ಎಂಜಿನ್ ಎತ್ತರಿಸಿದಷ್ಟೂ ವೇಗ ಜಾಸ್ತಿ ಅಂತ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಗೇರ್‌ಕೇಸ್, ಅಂದರೆ ಎಂಜಿನ್ನಿನ ನೀರೊಳಗಿನ ಕೆಳಭಾಗ, ಕಡಿಮೆ ಮುಳುಗಿದರೆ ನೀರಿನ ತಡೆ ಕಡಿಮೆ, ಅದು ನಿಜ. ಆದರೆ ಎಂಜಿನ್ ತಂಪು ಮಾಡುವ ನೀರು ಒಳಹೋಗುವ ತೂತುಗಳೂ ಅಲ್ಲೇ ಇವೆ ಅಲ್ವಾ? ಅವು ಮೇಲೆ ಬಂದರೆ ಗಾಳಿ ಎಳೆದು ಎಂಜಿನ್ ಕಾದುಹೋಗುತ್ತದೆ. ಎಂಜಿನ್ ಏರಿಸಿ ಇಳಿಸುವ ಜಾಕ್ ಪ್ಲೇಟನ್ನು ಒಂದು ಸಲಕ್ಕೆ ಕಾಲು ಇಂಚು ಮಾತ್ರ ಏರಿಸಿ, ಫುಲ್ ಥ್ರಾಟಲ್‌ನಲ್ಲಿ ವಾಟರ್ ಪ್ರೆಶರ್ ಗೇಜ್ ನೋಡಿ. ಮುಳ್ಳು ಕುಸಿದರೆ ತಕ್ಷಣ ಇಳಿಸಿ. ತಿರುವಿನಲ್ಲಿ ಪ್ರೊಪೆಲರ್ ಹಿಡಿತ ಬಿಟ್ಟು ಆರ್‌ಪಿಎಂ ಜಿಗಿದರೂ ಅಷ್ಟೇ. ಇನ್ನು ಪಿಚ್ (ಪ್ರೊಪೆಲರ್ ಒಂದು ಸುತ್ತಿಗೆ ಲೆಕ್ಕದಲ್ಲಿ ಮುಂದೆ ಸಾಗುವ ದೂರ): ಅದನ್ನು ಒಂದು ಇಂಚು ಕಡಿಮೆ ಮಾಡಿದರೆ ಸುಮಾರು 150ರಿಂದ 200 ಆರ್‌ಪಿಎಂ ಏರುತ್ತದೆ. ಇದನ್ನೆಲ್ಲ ಖಾಲಿ ಬೋಟಿನಲ್ಲಿ ಸುಮ್ನೆ ನೋಡಬೇಡಿ. ಲೈವ್‌ವೆಲ್ (ಹಿಡಿದ ಮೀನನ್ನು ಜೀವಂತ ಇಡುವ ನೀರಿನ ತೊಟ್ಟಿ) ತುಂಬಿಸಿ, ಇಬ್ಬರು ಕೂತು ನೋಡಿ.